ಹಡಗು ಹತ್ತುವ ಮೊದಲು ಕೋವಿಡ್ ಟೆಸ್ಟ್: ಹುಬ್ಬಳ್ಳಿಯಲ್ಲೇ ಮಾಡಿಸಬೇಕೋ, ಮುಂಬೈಗೆ ಹೋಗಿ ಮಾಡಿಸಬೇಕೋ?

ಕ್ರೂಸ್ ಟಿಕೆಟ್ ಬುಕ್ ಆಗಿದೆ. ರಜೆ ಸಿಕ್ಕಿದೆ. ಬ್ಯಾಗ್ ಅರ್ಧ ತುಂಬಿದೆ. ಉಳಿದಿರುವುದು ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವುದೊಂದೇ. ಅದನ್ನು ಎಲ್ಲಿ ಮಾಡಿಸಬೇಕು, ಎಷ್ಟು ದುಡ್ಡು ಕೊಡಬೇಕು ಅಂತ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು 2022ರ ಏಪ್ರಿಲ್ ತಿಂಗಳಲ್ಲಿ ಕೇಳುತ್ತಲೇ ಇದ್ದರು. ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ ಪುಕ್ಕಟೆ ಆಗುತ್ತಲ್ವಾ? ಮನೆಗೇ ಬಂದು ಸ್ಯಾಂಪಲ್ ಒಯ್ಯುತ್ತಾರಂತೆ, ಅದೇ ಆರಾಮ ಅಲ್ವಾ? ಮುಂಬೈಯಲ್ಲಿ ರೇಟ್ ಅರ್ಧಕ್ಕಿಂತ ಕಡಿಮೆ ಅಂತೆ, ಅಲ್ಲೇ ಮಾಡಿಸಿದರಾಯಿತಲ್ಲ?

ಮೂರೂ ಸರಿಯಾದ ಪ್ರಶ್ನೆಗಳೇ. ಆದರೆ ಮೂರೂ ದುಡ್ಡಿನಿಂದಲೋ ಆರಾಮದಿಂದಲೋ ಶುರುವಾಗುತ್ತವೆ. ನನ್ನ ಪ್ರಕಾರ ದುಡ್ಡಿನ ಲೆಕ್ಕ ಕೊನೆಗೆ ಬರಬೇಕು. ಮೊದಲು ಗಂಟೆಯ ಲೆಕ್ಕ, ಆಮೇಲೆ 'ಪಾಸಿಟಿವ್ ಬಂದರೆ ನಾನು ಎಲ್ಲಿರಬೇಕು' ಅನ್ನುವ ಲೆಕ್ಕ. ಇವೆರಡು ಬಗೆಹರಿದರೆ ಲ್ಯಾಬ್ ಯಾವುದು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಮುಂದೆ ಬರೆದಿರುವುದೆಲ್ಲ 2022ರ ಏಪ್ರಿಲ್ ತಿಂಗಳ ಪರಿಸ್ಥಿತಿ; ದರ, ನಿಯಮ ಎಲ್ಲ ಆಗಿನವು, ಇವತ್ತಿನವಲ್ಲ. ಈ ವಿಷಯದಲ್ಲಿ ನಿಯಮಗಳು ಎಷ್ಟು ಬೇಗ ಬದಲಾಗುತ್ತವೆ ಅಂತ ಆಗಲೇ ಎರಡು ವರ್ಷದಿಂದ ನೋಡಿದ್ದೆವು.

ಎರಡೂ ಡೋಸ್ ಆಗಿದೆ, ಇನ್ನೂ ಯಾಕೆ ಈ ಟೆಸ್ಟ್ ಅನ್ನುವವರು 2022ರ ಜನವರಿಯ ಸುದ್ದಿ ನೆನಪಿಸಿಕೊಳ್ಳಿ. ಮುಂಬೈಯಿಂದ ಗೋವಾಕ್ಕೆ ಬಂದ ಕಾರ್ಡೆಲಿಯಾ ಹಡಗಿನಲ್ಲಿ ಸುಮಾರು 2,000 ಜನರ ಟೆಸ್ಟ್ ಮಾಡಿದಾಗ 66 ಮಂದಿಗೆ ಪಾಸಿಟಿವ್ ಬಂತು. ಸುತ್ತಾಡಲು ಬಂದವರು ಹಡಗಿನಲ್ಲೇ ಕೂತು ರಿಪೋರ್ಟ್ ಕಾಯಬೇಕಾಯಿತು. ಅದಕ್ಕೂ ಮೊದಲು, 2020ರ ಫೆಬ್ರುವರಿಯಲ್ಲಿ, ಜಪಾನಿನ ಯೊಕೊಹಾಮಾದಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್‌ನಲ್ಲಿ 3,711 ಜನರ ಪೈಕಿ 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತ್ತು. ಒಂದೇ ಊಟದ ಹಾಲ್, ಅದೇ ಲಿಫ್ಟ್, ಅದೇ ಕಾರಿಡಾರ್. ಹಡಗಿನವರು ಸುಮ್ನೆ ಕೇಳುತ್ತಿರಲಿಲ್ಲ.

ಮೊದಲು ಗಂಟೆಯ ಲೆಕ್ಕ

ನಿಮ್ಮ ಬುಕಿಂಗ್ ಪೇಪರ್ ತೆಗೆದು ಎರಡು ವಿಷಯ ಹುಡುಕಿ. ಒಂದು, ಎಷ್ಟು ಗಂಟೆ ಒಳಗಿನ ರಿಪೋರ್ಟ್ ಬೇಕು: 72, 48 ಅಥವಾ 24. ಎರಡು, ಆ ಗಂಟೆಯನ್ನು ಎಲ್ಲಿಂದ ಎಲ್ಲಿಗೆ ಎಣಿಸುತ್ತಾರೆ. ಸಾಮಾನ್ಯವಾಗಿ ಸ್ಯಾಂಪಲ್ ಕೊಟ್ಟ ಹೊತ್ತಿನಿಂದ ಹಡಗು ಹತ್ತುವ ಹೊತ್ತಿನ ತನಕ. ರಿಪೋರ್ಟ್ ಕೈಗೆ ಬಂದ ಹೊತ್ತಿನಿಂದ ಅಲ್ಲ. ಇಲ್ಲಿ ಎಡವುವವರೇ ಬಹಳ. ರಿಪೋರ್ಟ್ ಹಾಳೆಯ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಮೂರು ಟೈಮ್ ಪ್ರಿಂಟ್ ಆಗಿರುತ್ತವೆ: ಕಲೆಕ್ಟೆಡ್, ರಿಸೀವ್ಡ್, ರಿಪೋರ್ಟೆಡ್. ಬಂದರಿನ ಕೌಂಟರ್‌ನಲ್ಲಿ ಕೂತವರು ನೋಡುವುದು ಮೊದಲನೆಯದನ್ನು.

ಒಂದು ಉದಾಹರಣೆ ಹಿಡಿದು ನೋಡೋಣ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಮುಂಬೈಯ ಬಲ್ಲಾರ್ಡ್ ಪಿಯರ್‌ನಲ್ಲಿ ನಿಮ್ಮ ಚೆಕ್-ಇನ್. ಹುಬ್ಬಳ್ಳಿಯಿಂದ ದಾದರ್ ರೈಲು ಶುಕ್ರವಾರ ಮಧ್ಯಾಹ್ನ ಹತ್ತಿದರೆ ಶನಿವಾರ ಬೆಳಗ್ಗೆ ಇಳಿಯುತ್ತೀರಿ. ನಿಯಮ 72 ಗಂಟೆ ಇದ್ದರೆ ಬುಧವಾರ ಮಧ್ಯಾಹ್ನ ಎರಡರ ನಂತರ ಯಾವಾಗ ಬೇಕಾದರೂ ಸ್ಯಾಂಪಲ್ ಕೊಡಬಹುದು. ಬುಧವಾರ ಸಂಜೆ ಕೊಟ್ಟರೆ ಗುರುವಾರ ಸಂಜೆಗೆ ರಿಪೋರ್ಟ್ ಬರುತ್ತದೆ. ಏನಾದರೂ ಎಡವಟ್ಟಾದರೂ, ಸ್ಯಾಂಪಲ್ ಕೆಟ್ಟಿದೆ ಇನ್ನೊಮ್ಮೆ ಬನ್ನಿ ಅಂದರೂ, ಶುಕ್ರವಾರ ಬೆಳಗ್ಗೆಯ ತನಕ ಕೈಯಲ್ಲಿ ಟೈಮ್ ಇದೆ.

ಅದೇ ನಿಯಮ 48 ಗಂಟೆ ಆದರೆ ಕಥೆ ಬೇರೆ. ಗುರುವಾರ ಮಧ್ಯಾಹ್ನ ಎರಡಕ್ಕಿಂತ ಮೊದಲು ಕೊಟ್ಟ ಸ್ಯಾಂಪಲ್ ನಡೆಯುವುದಿಲ್ಲ. ಗುರುವಾರ ಸಂಜೆ ಕೊಟ್ಟರೆ ಶುಕ್ರವಾರ ಮಧ್ಯಾಹ್ನ ರೈಲು ಹತ್ತುವ ಮೊದಲು ರಿಪೋರ್ಟ್ ಬರಬೇಕು. ಇಲ್ಲವಾದರೆ ಬೆಳಗಾವಿ ದಾಟುವ ತನಕ ಮೊಬೈಲ್ ನೋಡುತ್ತಾ ಕೂರುವುದು. 24 ಗಂಟೆ ಅಂತ ಇದ್ದರೆ ರೈಲಿನಲ್ಲಿ ಹೋಗುವವರಿಗೆ ಹುಬ್ಬಳ್ಳಿಯ ಆಸೆ ಬಿಡುವುದೇ ಸರಿ. ಮುಂಬೈಯಲ್ಲೇ ಆಗಬೇಕು.

ಕೇಳಬೇಕಾದ ಇನ್ನೊಂದು ವಿಷಯ, ಯಾವ ಟೆಸ್ಟ್ ಅನ್ನುವುದು. ಆರ್‌ಟಿ-ಪಿಸಿಆರ್ (ಲ್ಯಾಬ್‌ನ ಮಷೀನ್‌ನಲ್ಲಿ ವೈರಸ್‌ನ ತುಣುಕು ಹುಡುಕುವ ಟೆಸ್ಟ್) ಅಂತ ಬರೆದಿದ್ದರೆ ಅದೇ ಬೇಕು. ಕೆಲವು ಕಂಪನಿಗಳು ರ‍್ಯಾಪಿಡ್ ಆಂಟಿಜೆನ್ (ನಿಮಿಷಗಳಲ್ಲೇ ಫಲಿತಾಂಶ ಕೊಡುವ ಟೆಸ್ಟ್) ಒಪ್ಪುತ್ತಿದ್ದವು, ಆದರೆ ಲ್ಯಾಬ್ ಅಥವಾ ಆಸ್ಪತ್ರೆಯವರು ಮಾಡಿ ಸಹಿ ಹಾಕಿದ್ದು ಬೇಕಿತ್ತು. ಮೆಡಿಕಲ್ ಶಾಪ್‌ನಲ್ಲಿ ಆಗ 250 ರೂಪಾಯಿಗೆ ಸಿಗುತ್ತಿದ್ದ ಕೋವಿಸೆಲ್ಫ್ ತರಹದ ಕಿಟ್‌ನಲ್ಲಿ ಮನೆಯಲ್ಲೇ ಮಾಡಿಕೊಂಡ ಟೆಸ್ಟ್‌ನ ಫೋಟೋ ತೋರಿಸಿ ಹಡಗು ಹತ್ತಲಾಗುತ್ತಿರಲಿಲ್ಲ. ಆ ಕಿಟ್‌ಗೆ ಬೇರೆ ಉಪಯೋಗ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಆಮೇಲೆ, ಪಾಸಿಟಿವ್ ಬಂದರೆ?

ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಶುಭ ಕೆಲಸಕ್ಕೆ ಹೊರಟಾಗ ಅಪಶಕುನ ಯಾಕೆ ಅಂತ. ಆದರೆ ಎಲ್ಲಿ ಟೆಸ್ಟ್ ಮಾಡಿಸಬೇಕು ಅನ್ನುವುದನ್ನು ನಿಜವಾಗಿ ತೀರ್ಮಾನ ಮಾಡುವುದು ಇದೇ.

ಲಕ್ಷಣ ಇಲ್ಲದ, ಸೌಮ್ಯ ಲಕ್ಷಣ ಇರುವ ಸೋಂಕಿತರಿಗೆ 2022ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ್ದು ಇಷ್ಟು: ಪಾಸಿಟಿವ್ ಬಂದ ದಿನದಿಂದ ಕನಿಷ್ಠ ಏಳು ದಿನ ಐಸೋಲೇಷನ್, ಕೊನೆಯ ಮೂರು ದಿನ ಸತತವಾಗಿ ಜ್ವರ ಇರಬಾರದು. ಈ ಏಳು ದಿನ ವಿದ್ಯಾನಗರದ ನಿಮ್ಮ ಮನೆಯಲ್ಲಿ ಕಳೆಯುವುದಕ್ಕೂ ಮುಂಬೈಯ ಲಾಡ್ಜ್‌ನಲ್ಲಿ ಕಳೆಯುವುದಕ್ಕೂ ಎಷ್ಟು ವ್ಯತ್ಯಾಸ! ಮನೆಯಲ್ಲಾದರೆ ಗಂಜಿ ಕಾಯಿಸಿ ಬಾಗಿಲ ಹತ್ತಿರ ಇಡುವವರು ಇರುತ್ತಾರೆ. ಲಾಡ್ಜ್‌ನವರು ಪಾಸಿಟಿವ್ ಅಂತ ಗೊತ್ತಾದರೆ ರೂಮ್ ಇಟ್ಟುಕೊಳ್ಳುತ್ತಾರೋ ಇಲ್ಲವೋ. ಇಟ್ಟುಕೊಂಡರೂ ಏಳು ದಿನದ ಬಾಡಿಗೆ ನಾಲ್ಕು ಜನರ ಟೆಸ್ಟ್ ಖರ್ಚಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಇದರ ಜೊತೆಗೇ ಹಡಗಿನ ಕಂಪನಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಮನೆಯ ಒಬ್ಬರಿಗೆ ಪಾಸಿಟಿವ್ ಬಂದರೆ ಉಳಿದವರು ಹತ್ತಬಹುದಾ? ದುಡ್ಡು ವಾಪಸ್ ಕೊಡುತ್ತೀರಾ, ಇಲ್ಲಾ ಮುಂದಿನ ದಿನಾಂಕ ಕೊಡುತ್ತೀರಾ? ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನ್‌ನಲ್ಲಿ 'ಆಗುತ್ತೆ ಸರ್, ಟೆನ್ಷನ್ ತಗೋಬೇಡಿ' ಅಂದವರು ಆ ದಿನ ಕೌಂಟರ್‌ನಲ್ಲಿ ಇರುವುದಿಲ್ಲ.

ಸರ್ಕಾರಿ ಆಸ್ಪತ್ರೆ: ಪುಕ್ಕಟೆ, ಆದರೆ ನಿಮಗಾಗಿ ಅಲ್ಲ

ಹುಬ್ಬಳ್ಳಿಯಲ್ಲಿ ಕಿಮ್ಸ್, ಗದಗದಲ್ಲಿ ಜಿಮ್ಸ್, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ. ಜ್ವರ, ಕೆಮ್ಮು ಇದ್ದವರಿಗೆ, ಸೋಂಕಿತರ ಸಂಪರ್ಕದಲ್ಲಿ ಇದ್ದವರಿಗೆ ಇಲ್ಲಿ ದುಡ್ಡಿಲ್ಲದೆ ಟೆಸ್ಟ್ ಆಗುತ್ತಿತ್ತು. ಅದು ಆಗಲೇಬೇಕಾದ ಕೆಲಸ. ಕೆಲಸದ ಗುಣಮಟ್ಟದಲ್ಲೂ ಇವು ಯಾರಿಗೂ ಕಡಿಮೆ ಇಲ್ಲ. ಎರಡನೇ ಅಲೆಯಲ್ಲಿ ಸುತ್ತಲಿನ ಊರುಗಳಿಗೆ ಆಸರೆ ಆಗಿದ್ದು ಇಂಥ ಲ್ಯಾಬ್‌ಗಳೇ.

ಆದರೆ ಪ್ರವಾಸಕ್ಕೆ ಹೊರಟ ಆರೋಗ್ಯವಂತರ ಸ್ಯಾಂಪಲ್ ಅಲ್ಲಿ ಸರದಿಯ ಕೊನೆಗೆ ನಿಲ್ಲುತ್ತದೆ, ನಿಲ್ಲಬೇಕು ಕೂಡ. ವಾರ್ಡ್‌ನಲ್ಲಿ ಮಲಗಿದವರ ರಿಪೋರ್ಟ್ ಮೊದಲು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ 2021ರ ಮೇ ತಿಂಗಳಲ್ಲೇ, ಲ್ಯಾಬ್‌ಗಳ ಮೇಲಿನ ಹೊರೆ ಇಳಿಸಲು, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಆರೋಗ್ಯವಂತರಿಗೆ ಆರ್‌ಟಿ-ಪಿಸಿಆರ್ ಬೇಡ ಅಂತ ಸಲಹೆ ಕೊಟ್ಟಿತ್ತು. ರಿಪೋರ್ಟ್ ಇಷ್ಟು ಗಂಟೆಗೆ ಕೊಡುತ್ತೇವೆ ಅಂತ ಅಲ್ಲಿ ಯಾರೂ ಮಾತು ಕೊಡುವುದಿಲ್ಲ. ಹೊರಗೆ ರಿಪೋರ್ಟ್ ಬೇಗ ಕೊಡಿಸುತ್ತೇನೆ ಅನ್ನುವವರು ಸಿಕ್ಕರೆ ದೂರ ಇರಿ.

ಹಾಗಾಗಿ ಮೋಜಿನ ಪ್ರವಾಸಕ್ಕೆ ಇದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಾವಿರಗಟ್ಟಲೆ ಕೊಟ್ಟು ಕ್ಯಾಬಿನ್ ಬುಕ್ ಮಾಡಿದವರು ಖಾಸಗಿ ಲ್ಯಾಬ್‌ನ 800 ರೂಪಾಯಿ ಉಳಿಸಲು ರೋಗಿಗಳ ಸಾಲಿನಲ್ಲಿ ನಿಲ್ಲುವುದು ಚೆಂದವೂ ಅಲ್ಲ. ಆ ಸಾಲಿನಲ್ಲಿ ಸೋಂಕು ಹತ್ತಿಸಿಕೊಂಡು ಬರುವ ಸಾಧ್ಯತೆಯೂ ಇದೆ ಅನ್ನಿ. ನಿಮಗೇ ಜ್ವರ ಬಂದಿದೆಯೇ? ಆಗ ಹೋಗಬೇಕಾದ ಜಾಗ ಅದೇ, ಹಡಗಿನ ಮಾತು ಆಮೇಲೆ.

ಖಾಸಗಿ ಲ್ಯಾಬ್: ಬಹಳ ಮಂದಿಗೆ ಇದೇ ಸರಿ

ಕರ್ನಾಟಕ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಖಾಸಗಿ ಲ್ಯಾಬ್‌ಗಳ ಆರ್‌ಟಿ-ಪಿಸಿಆರ್ ದರವನ್ನು 800 ರೂಪಾಯಿಗೆ ಮಿತಿಗೊಳಿಸಿತು. ಮನೆಗೆ ಬಂದು ಸ್ಯಾಂಪಲ್ ಒಯ್ದರೆ 1,200. 2020ರ ಮಾರ್ಚ್‌ನಲ್ಲಿ ಇದೇ ಟೆಸ್ಟ್‌ಗೆ ದೇಶದಲ್ಲಿ 4,500 ರೂಪಾಯಿ ತನಕ ಕೇಳಬಹುದಿತ್ತು ಅನ್ನುವುದು ನೆನಪಿದ್ದರೆ ಈ ದರ ಅಗ್ಗ ಅನ್ನಿಸುತ್ತದೆ. 2022ರ ಏಪ್ರಿಲ್ ಹೊತ್ತಿಗೆ ಕೇಸ್ ಕಡಿಮೆ, ಲ್ಯಾಬ್‌ಗಳಿಗೂ ಗಿರಾಕಿ ಬೇಕಿತ್ತು. ನಾಲ್ಕೈದು ಜನ ಒಟ್ಟಿಗೆ ಬರುತ್ತೇವೆ ಅಂದರೆ ಇಳಿಸುತ್ತಿದ್ದರು, ಕೇಳಲು ನಾಚಿಕೆ ಬೇಡ. ಬಿಲ್‌ನಲ್ಲಿ ಪಿಪಿಇ ಕಿಟ್, ಫೈಲ್ ಚಾರ್ಜ್ ಅಂತ ಬೇರೆ ಸಾಲು ಬಂದರೆ ಯಾಕೆ ಅಂತ ಕೇಳಿ. ಲ್ಯಾಬ್ ಟೆಸ್ಟ್‌ಗೆ ಜಿಎಸ್‌ಟಿಯೂ ಇಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಬೋರ್ಡ್ ಹಾಕಿದ ಸೆಂಟರ್ ಹೆಜ್ಜೆಗೊಂದು ಸಿಗುತ್ತವೆ. ಅವುಗಳಲ್ಲಿ ಎರಡು ಜಾತಿ. ಒಂದರಲ್ಲಿ ಪಿಸಿಆರ್ ಮಷೀನ್ ಅಲ್ಲೇ ಒಳಗಿದೆ. ಇನ್ನೊಂದು ಬರೀ ಕಲೆಕ್ಷನ್ ಸೆಂಟರ್, ಸ್ಯಾಂಪಲ್ ತೆಗೆದು ಐಸ್ ಬಾಕ್ಸ್‌ನಲ್ಲಿ ಬೇರೆ ಊರಿಗೆ ಕಳಿಸುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದೇ ಗಾಜಿನ ಬಾಗಿಲು, ಅದೇ ನೀಲಿ ಕುರ್ಚಿ. ಹಾಗಾಗಿ ಬಾಯಿಬಿಟ್ಟು ಕೇಳಬೇಕು.

"ಸ್ಯಾಂಪಲ್ ಇಲ್ಲೇ ರನ್ ಮಾಡ್ತೀರೇನ್ರಿ, ಇಲ್ಲಾ ಬ್ಯಾರೆ ಕಡೆ ಕಳಸ್ತೀರಿ?"

"ಕಳಸ್ತೀವ್ರಿ. ನಾಳೆ ಸಂಜಿಗೆ ರಿಪೋರ್ಟ್ ಬರತೈತಿ."

"ಸಂಜಿ ಅಂದ್ರ ಎಷ್ಟಕ್ರಿ?"

ಈ ಮೂರನೇ ಪ್ರಶ್ನೆಗೆ ಬರುವ ಉತ್ತರವೇ ಮುಖ್ಯ. 'ಆರರ ಒಳಗ ವಾಟ್ಸಾಪ್‌ಗೆ ಹಾಕ್ತೀವ್ರಿ' ಅಂದರೆ ಒಂದು ಲೆಕ್ಕ. 'ಬಂದ್ ಕೂಡಲೇ ಹೇಳ್ತೀವ್ರಿ' ಅಂದರೆ ಇನ್ನೊಂದು.

ಮಷೀನ್ ಇದ್ದ ಕಡೆಯೂ ಒಂದು ಸೂಕ್ಷ್ಮ ಇದೆ. ಪಿಸಿಆರ್ ಮಷೀನ್ ಒಂದೊಂದೇ ಸ್ಯಾಂಪಲ್‌ಗೆ ಓಡುವುದಿಲ್ಲ. ಸಾಮಾನ್ಯವಾಗಿ 96 ಗುಳಿ ಇರುವ ಒಂದು ಪ್ಲೇಟ್ ತುಂಬಿಸಿ ಒಟ್ಟಿಗೆ ಓಡಿಸುತ್ತಾರೆ. ಸ್ಯಾಂಪಲ್ ಸಿದ್ಧಮಾಡಿ, ಓಡಿಸಿ, ಫಲಿತಾಂಶ ನೋಡುವುದು ಕೆಲವೇ ಗಂಟೆಯ ಕೆಲಸ. ಉಳಿದ ಟೈಮೆಲ್ಲ ಬ್ಯಾಚ್ ತುಂಬಲಿ ಅಂತ ಕಾಯುವುದರಲ್ಲಿ ಹೋಗುತ್ತದೆ. ಅಲೆ ಜೋರಾಗಿದ್ದಾಗ ಗಂಟೆಗೊಂದು ಬ್ಯಾಚ್ ತುಂಬುತ್ತಿತ್ತು, ಸಾಲು ಉದ್ದ ಅಂತ ತಡ ಆಗುತ್ತಿತ್ತು. ಅಲೆ ಇಳಿದ ಮೇಲೆ ಜನ ಇಲ್ಲ ಅಂತ ತಡ ಆಗಬಹುದು. ಬ್ಯಾಚ್ ಎಷ್ಟು ಗಂಟೆಗೆ ಹಾಕುತ್ತೀರಿ ಅಂತ ಕೇಳಿ, ಅದಕ್ಕಿಂತ ಒಂದು ಗಂಟೆ ಮೊದಲು ಸ್ಯಾಂಪಲ್ ಕೊಟ್ಟರೆ ಅರ್ಧ ದಿನ ಉಳಿಯುತ್ತದೆ. ಇದಕ್ಕೆ ಒಂದು ರೂಪಾಯಿಯೂ ಜಾಸ್ತಿ ಬೀಳುವುದಿಲ್ಲ.

ಟ್ರೂನ್ಯಾಟ್ ಅನ್ನುವ ಹೆಸರೂ ಕಿವಿಗೆ ಬೀಳಬಹುದು. ನಮ್ಮ ಪಕ್ಕದ ಗೋವಾದ ಕಂಪನಿಯೇ ತಯಾರಿಸಿದ ಸಣ್ಣ ಮಷೀನ್. ಚಿಪ್ ಹಾಕಿ ಓಡಿಸಿದರೆ ಸುಮಾರು ಒಂದು ಗಂಟೆಯಲ್ಲಿ ಫಲಿತಾಂಶ, ಬ್ಯಾಚ್ ಕಾಯುವ ಗೋಜಿಲ್ಲ. ಆದರೆ ರಿಪೋರ್ಟ್ ಮೇಲೆ ಟ್ರೂನ್ಯಾಟ್ ಅಂತ ಬರೆದಿರುತ್ತದೆ. ಆರ್‌ಟಿ-ಪಿಸಿಆರ್ ಅನ್ನುವ ಪದವನ್ನೇ ಹುಡುಕುವ ಕೌಂಟರ್‌ನವರು ಅಲ್ಲಿ ತಕರಾರು ತೆಗೆಯಬಹುದು. ಕಂಪನಿಯವರನ್ನು ಕೇಳದೆ ಇದರ ಮೇಲೆ ಭಾರ ಹಾಕಬೇಡಿ.

ಗದಗ, ಹಾವೇರಿಯವರ ಲೆಕ್ಕ ಇಲ್ಲಿ ಸ್ವಲ್ಪ ಬೇರೆ. ಊರಿನ ಕಲೆಕ್ಷನ್ ಸೆಂಟರ್‌ನಲ್ಲಿ ಕೊಟ್ಟ ಸ್ಯಾಂಪಲ್ ಸಂಜೆಯ ಗಾಡಿಗೆ ಹೊರಟು ರಾತ್ರಿ ಲ್ಯಾಬ್ ಮುಟ್ಟಿ, ಬೆಳಗಿನ ಬ್ಯಾಚ್‌ಗೆ ಹೋಗುತ್ತದೆ ಅಂತಿಟ್ಟುಕೊಳ್ಳಿ. 72 ಗಂಟೆ ಇದ್ದರೆ ಇದು ಸಾಕು, ಸುಮ್ನೆ ಓಡಾಡಬೇಡಿ. 48 ಇದ್ದರೆ ಹುಬ್ಬಳ್ಳಿಗೇ ಬಂದು ಮಷೀನ್ ಇರುವ ಲ್ಯಾಬ್‌ನಲ್ಲಿ ಕೊಡಿ. ಗದಗದಿಂದ ಹುಬ್ಬಳ್ಳಿ 60 ಕಿಲೋಮೀಟರ್ ಒಳಗೆ, ಹಾವೇರಿಯಿಂದ 75ರ ಆಸುಪಾಸು. ಬಸ್ ಚಾರ್ಜ್ ಸೇರಿಸಿದರೂ ದೊಡ್ಡ ಖರ್ಚಲ್ಲ. ಗದಗದಿಂದ ಸೊಲ್ಲಾಪುರದ ಮೇಲೆ ಮುಂಬೈಗೆ ಹೋಗುವ ರೈಲು ಹಿಡಿಯುವವರು ಮಾತ್ರ ಹುಬ್ಬಳ್ಳಿಗೆ ಬಂದು ಮತ್ತೆ ವಾಪಸ್ ಹೋಗುವ ಟೈಮನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮನೆಗೆ ಬಂದು ಸ್ಯಾಂಪಲ್ ಒಯ್ಯುವುದು

ಆಗಿನ ದರದಲ್ಲಿ ತಲೆಗೆ 400 ರೂಪಾಯಿ ಜಾಸ್ತಿ. ನಾಲ್ಕು ಜನರ ಮನೆಗೆ 3,200 ಬದಲು 4,800. ಇದರಿಂದ ಸಿಗುವುದು ಆರಾಮ, ವೇಗ ಅಲ್ಲ. ಈ ಎರಡನ್ನೂ ಒಂದೇ ಅಂತ ತಿಳಿಯುವವರು ಬಹಳ. ಮನೆಗೆ ಬರುವ ಹುಡುಗ ಬೆಳಗ್ಗೆ ನಿಮ್ಮ ಮನೆಯಿಂದ ಶುರುಮಾಡಿ ಇನ್ನೂ ಹತ್ತು ಮನೆ ಸುತ್ತಿ ಮಧ್ಯಾಹ್ನ ಲ್ಯಾಬ್ ಮುಟ್ಟುತ್ತಾನೆ. ನಿಮ್ಮ ಗಡಿಯಾರ ಬೆಳಗ್ಗೆಯೇ ಓಡಲು ಶುರುವಾಗಿರುತ್ತದೆ. ಸ್ಯಾಂಪಲ್ ಮಾತ್ರ ಬೈಕಿನ ಹಿಂದೆ ಡಬ್ಬಿಯಲ್ಲಿ ಗೋಕುಲ ರೋಡ್, ಕೇಶ್ವಾಪುರ ಅಂತ ತಿರುಗುತ್ತಿರುತ್ತದೆ.

ಹಾಗಂತ ಬೇಡ ಅನ್ನುತ್ತಿಲ್ಲ. ಎಪ್ಪತ್ತು ದಾಟಿದ ಅಜ್ಜ-ಅಜ್ಜಿ ಜೊತೆಗೆ ಬರುತ್ತಿದ್ದರೆ, ಮಂಡಿ ನೋವಿನವರು ಇದ್ದರೆ, ಎರಡು ಮೆಟ್ಟಿಲು ಹತ್ತಿ ಲ್ಯಾಬ್‌ನಲ್ಲಿ ಕಾಯಿಸುವುದಕ್ಕಿಂತ ಇದು ಒಳ್ಳೆಯದು. ಸಣ್ಣ ಮಕ್ಕಳೂ ಅಮ್ಮನ ತೊಡೆ ಮೇಲೆ ಕೂತು ಮೂಗು ಕೊಡುತ್ತಾರೆ, ಲ್ಯಾಬ್‌ನಲ್ಲಾದರೆ ರಂಪ. ನನಗೆ ಕೇಳಿದರೆ ಹಿರಿಯರಿಗೆ, ಮಕ್ಕಳಿಗೆ ಮನೆಯಲ್ಲಿ, ಉಳಿದವರಿಗೆ ಲ್ಯಾಬ್‌ನಲ್ಲಿ ಅಂತ ಹಂಚಿಕೊಳ್ಳಿ ಅನ್ನುತ್ತೇನೆ. ಎಲ್ಲರೂ ಒಂದೇ ಲ್ಯಾಬ್, ಒಂದೇ ಬ್ಯಾಚ್ ಆಗುವ ಹಾಗೆ ನೋಡಿಕೊಂಡರೆ ಸಾಕು. 'ದಿನದ ಕೊನೆಯ ಮನೆ ನಮ್ಮದೇ ಆಗಲಿ' ಅಂತ ಬುಕ್ ಮಾಡುವಾಗಲೇ ಹೇಳಿದರೆ ಕೆಲವರು ಹೊಂದಿಸಿಕೊಡುತ್ತಾರೆ.

ಮುಂಬೈಯಲ್ಲಿ: ಅಗ್ಗ, ವೇಗ, ಅಪಾಯ

ಮಹಾರಾಷ್ಟ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ದರ ಇನ್ನೂ ಇಳಿಸಿತು. ಲ್ಯಾಬ್‌ನ ಕಲೆಕ್ಷನ್ ಸೆಂಟರ್‌ಗೆ ಹೋಗಿ ಕೊಟ್ಟರೆ ಆರ್‌ಟಿ-ಪಿಸಿಆರ್‌ಗೆ 350 ರೂಪಾಯಿ, ಮನೆಗೆ ಬಂದರೆ 700. ನಾಲ್ಕು ಜನಕ್ಕೆ 1,400. ಹುಬ್ಬಳ್ಳಿಗಿಂತ 1,800 ರೂಪಾಯಿ ಉಳಿತಾಯ ಅಂತ ಕಾಗದದ ಮೇಲೆ ಕಾಣುತ್ತಿತ್ತು.

ಈ ಉಳಿತಾಯ ಉಳಿಯುವುದು ಮುಂಬೈಯಲ್ಲಿ ನೆಂಟರ ಮನೆ ಇದ್ದವರಿಗೆ ಮಾತ್ರ. ಇಲ್ಲವಾದರೆ ಒಂದು ದಿನ ಮೊದಲೇ ಹೋಗಬೇಕು, ರೂಮ್ ಹಿಡಿಯಬೇಕು, ಎರಡು ಹೊತ್ತು ಹೊರಗೆ ಊಟ, ಟ್ಯಾಕ್ಸಿ. 1,800 ಅಲ್ಲಿಗೇ ಸರಿಹೋಯಿತು. ಮೇಲೆ ಹೇಳಿದ ಪಾಸಿಟಿವ್ ಪ್ರಶ್ನೆ ಬೇರೆ ತಲೆ ಮೇಲೆ ತೂಗುತ್ತಿರುತ್ತದೆ. ಮಕ್ಕಳು, ಲಗೇಜು ಸಮೇತ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದು, ಅಲ್ಲಿ ಮನೆಯ ಒಬ್ಬರಿಗೆ ಪಾಸಿಟಿವ್ ಅಂದರೆ ಏನು ಗತಿ ಅಂತ ಯೋಚಿಸಿ.

ಮುಂಬೈ ಸರಿ ಅನ್ನಿಸುವುದು ಯಾರಿಗೆ? ಮೊದಲನೆಯದಾಗಿ 24 ಗಂಟೆ ನಿಯಮ ಇರುವವರಿಗೆ, ಅವರಿಗೆ ಬೇರೆ ದಾರಿ ಇಲ್ಲ. ಮದುವೆಗೋ ಕೆಲಸಕ್ಕೋ ಹೇಗೂ ಎರಡು ದಿನ ಮೊದಲೇ ಅಲ್ಲಿರುವವರಿಗೆ. ಮತ್ತೆ ಹರೆಯದ ಗಂಡ-ಹೆಂಡತಿ, ಹೊಸದಾಗಿ ಮದುವೆ ಆದವರು. ಏನಾದರೂ ಆದರೆ ನೋಡಿಕೊಂಡರಾಯಿತು ಅನ್ನುವ ಧೈರ್ಯ ಅವರಿಗಿರುತ್ತದೆ. ಅವರೂ ಹೊರಡುವ ಹಿಂದಿನ ದಿನ ಮನೆಯಲ್ಲಿ ಆ 250 ರೂಪಾಯಿ ಕಿಟ್‌ನಲ್ಲಿ ಒಮ್ಮೆ ನೋಡಿಕೊಳ್ಳಲಿ. ಕಿಟ್‌ನ ಅಸಲಿ ಉಪಯೋಗ ಇದು. ಅದರಲ್ಲಿ ನೆಗೆಟಿವ್ ಬಂದರೆ ಪಿಸಿಆರ್‌ನಲ್ಲೂ ನೆಗೆಟಿವ್ ಬಂದೇ ಬರುತ್ತದೆ ಅಂತಿಲ್ಲ. ಆದರೆ ಅದರಲ್ಲೇ ಎರಡು ಗೆರೆ ಕಂಡರೆ ಮುಂಬೈ ತನಕ ಹೋಗಿ ಒದ್ದಾಡುವುದು ತಪ್ಪುತ್ತದೆ.

ವಿಮಾನದಲ್ಲಿ ಹೋಗುವವರು ಏರ್‌ಪೋರ್ಟ್‌ನ ರ‍್ಯಾಪಿಡ್ ಪಿಸಿಆರ್ ಬಗ್ಗೆ ಕೇಳುತ್ತಿದ್ದರು. ಅದು ಹೆಚ್ಚಾಗಿ ವಿದೇಶಕ್ಕೆ ಹೋಗಿ ಬರುವವರಿಗಾಗಿ ಇಟ್ಟದ್ದು. ಮುಂಬೈಯಲ್ಲಿ ಒಂದು ಕಾಲಕ್ಕೆ 4,500 ರೂಪಾಯಿ ಇತ್ತು, ಆಮೇಲೆ ಇಳಿಸಿದರು. ಇಳಿದ ಮೇಲೂ ಅದು ದಾರಿ ತಪ್ಪಿದವರ ಕೊನೆಯ ಆಸರೆ, ಮೊದಲ ಆಯ್ಕೆ ಆಗಿರಲಿಲ್ಲ.

ಬಂದರಿನಲ್ಲೇ ಟೆಸ್ಟ್, ಏಜೆಂಟರ ಪ್ಯಾಕೇಜ್

ಕೆಲವು ಹಡಗಿನವರು ಟರ್ಮಿನಲ್‌ನಲ್ಲೇ ಆಂಟಿಜೆನ್ ಟೆಸ್ಟ್ ಮಾಡುತ್ತಿದ್ದರು. ಹದಿನೈದು-ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ. ದುಡ್ಡು ಟಿಕೆಟ್‌ನಲ್ಲೇ ಸೇರಿದ್ದರೆ ಒಳ್ಳೆಯದೇ. ಇದು ನಿಮ್ಮ ರಿಪೋರ್ಟ್ ಬದಲಿಗೋ, ರಿಪೋರ್ಟ್ ಜೊತೆಗೋ ಅನ್ನುವುದನ್ನು ಸ್ಪಷ್ಟ ಮಾಡಿಕೊಳ್ಳಿ. ಜೊತೆಗೆ ಅಂದರೆ ಎರಡೂ ಬೇಕು.

ನಮ್ಮ ಕಡೆಯ ಟ್ರಾವೆಲ್ ಏಜೆಂಟರು 'ಟೆಸ್ಟ್ ಸಮೇತ' ಅಂತ ಪ್ಯಾಕೇಜ್ ಕೊಡುತ್ತಿದ್ದರು. ಒಡೆದು ಕೇಳಿ: ಯಾವ ಲ್ಯಾಬ್, ಎಷ್ಟು ದುಡ್ಡು, ತಡವಾದರೆ ಹೊಣೆ ಯಾರದು? ಲ್ಯಾಬ್‌ನ ಹೆಸರು ಹೇಳದೆ 'ಅದೆಲ್ಲ ನಾವು ನೋಡ್ಕೋತೀವ್ರಿ, ಆಧಾರ್ ಕಳಸ್ರಿ ಸಾಕು' ಅನ್ನುವವರಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಕಡ್ಡಿ ಹಾಕದೆ ಬರುವ ನೆಗೆಟಿವ್ ರಿಪೋರ್ಟ್ ಕ್ರಿಮಿನಲ್ ಕೇಸು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬಣ್ಣ ಬಯಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಂಥ ಒಬ್ಬರಿಂದಲೇ ಹಡಗೆಲ್ಲ ಮಲಗುತ್ತದೆ.

ಇತ್ತೀಚೆಗೆ ಕೋವಿಡ್ ಬಂದು ಹೋದವರು ಇಲ್ಲಿ ನಿಲ್ಲಿ

ಮೂರನೇ ಅಲೆ 2022ರ ಜನವರಿ-ಫೆಬ್ರುವರಿಯಲ್ಲಿ ಮನೆಮನೆ ಹೊಕ್ಕು ಹೋಯಿತು. ಸೋಂಕು ಹೋದ ಮೇಲೂ ವೈರಸ್‌ನ ಸತ್ತ ತುಣುಕುಗಳು ಮೂಗಿನಲ್ಲಿ ವಾರಗಟ್ಟಲೆ ಉಳಿಯಬಹುದು. ಆರ್‌ಟಿ-ಪಿಸಿಆರ್ ಎಷ್ಟು ಸೂಕ್ಷ್ಮ ಅಂದರೆ ಅವನ್ನೂ ಹಿಡಿಯುತ್ತದೆ. ಹಾಗಾಗಿ ಮೂರು ತಿಂಗಳ ತನಕ, ಆರಾಮಾಗಿ ಓಡಾಡುವವರಿಗೂ, ಪಾಸಿಟಿವ್ ಬರುವ ಸಾಧ್ಯತೆ ಇದೆ. ಯಾವ ದುಬಾರಿ ಲ್ಯಾಬ್‌ಗೆ ಹೋದರೂ ಇದು ಬದಲಾಗುವುದಿಲ್ಲ.

ಇಂಥವರು ಲ್ಯಾಬ್ ಹುಡುಕುವ ಮೊದಲು ಹಡಗಿನ ಕಂಪನಿಗೆ ಬರೆಯಬೇಕು. ಹಳೆಯ ಪಾಸಿಟಿವ್ ರಿಪೋರ್ಟ್, ಈಗ ಗುಣವಾಗಿದ್ದಾರೆ ಅನ್ನುವ ಡಾಕ್ಟರ್ ಪತ್ರ ಒಪ್ಪುತ್ತೀರಾ, ಇಲ್ಲಾ ಆಂಟಿಜೆನ್ ಒಪ್ಪುತ್ತೀರಾ ಅಂತ ಕೇಳಿ. ಆಂಟಿಜೆನ್ ಅಷ್ಟು ಸೂಕ್ಷ್ಮ ಅಲ್ಲ, ಹಳೆಯ ತುಣುಕುಗಳಿಗೆ ಬಹುತೇಕ ಮೋಸ ಹೋಗುವುದಿಲ್ಲ. ಎರಡೂ ಆಗುವುದಿಲ್ಲ ಅಂದರೆ 72 ಗಂಟೆ ಕಾಯದೆ, ಎರಡು ವಾರ ಮೊದಲೇ ಸ್ವಂತ ಖರ್ಚಿನಲ್ಲಿ ಒಂದು ಆರ್‌ಟಿ-ಪಿಸಿಆರ್ ಮಾಡಿಸಿ ನೋಡಿ. ಟೆಸ್ಟ್ ದುಡ್ಡು ಹೋಗುತ್ತದೆ, ಆದರೆ ದಿನಾಂಕ ಮುಂದೆ ಹಾಕಿಸಲು ಟೈಮ್ ಸಿಗುತ್ತದೆ. ಸೋಂಕು ಬಂದಾಗಿನ ಪಾಸಿಟಿವ್ ರಿಪೋರ್ಟ್, ಎಸ್‌ಆರ್‌ಎಫ್ ನಂಬರ್ (ಪ್ರತಿ ಕೋವಿಡ್ ಸ್ಯಾಂಪಲ್‌ಗೆ ಕೊಡುತ್ತಿದ್ದ ಗುರುತಿನ ಸಂಖ್ಯೆ) ಇರುವ ಮೆಸೇಜ್ ಇನ್ನೂ ಮೊಬೈಲ್‌ನಲ್ಲಿದ್ದರೆ ಅಳಿಸಬೇಡಿ.

ಹಡಗು ಸಿಂಗಾಪುರದಿಂದ ಹೊರಡುತ್ತಿದ್ದರೆ

ಇಲ್ಲಿ ಎರಡು ಬೇರೆ ಬೇರೆ ನಿಯಮ ಇರುತ್ತಿದ್ದವು: ದೇಶದೊಳಗೆ ಬಿಡಲು ಒಂದು, ಹಡಗು ಹತ್ತಲು ಇನ್ನೊಂದು. 2022ರ ಏಪ್ರಿಲ್‌ನಲ್ಲಿ ಸಿಂಗಾಪುರಕ್ಕೆ ಹಾರುವವರು ಹೊರಡುವ ಮೊದಲಿನ ಎರಡು ದಿನದೊಳಗಿನ ಟೆಸ್ಟ್ ತೋರಿಸಬೇಕಿತ್ತು. ಪಿಸಿಆರ್ ಆಗಬಹುದಿತ್ತು, ಲ್ಯಾಬ್‌ನವರು ಮಾಡಿದ ಆಂಟಿಜೆನ್ ಕೂಡ ಆಗಬಹುದಿತ್ತು. ಅಲ್ಲಿ ಇಳಿದು ಎರಡು ದಿನ ಸುತ್ತಾಡಿ ಹಡಗು ಹತ್ತುವುದಾದರೆ ಹುಬ್ಬಳ್ಳಿಯ ಆ ರಿಪೋರ್ಟ್ ಹಳೆಯದಾಗಿರುತ್ತದೆ. ಎರಡನೇ ಟೆಸ್ಟ್ ಅಲ್ಲೇ, ಡಾಲರ್‌ನಲ್ಲಿ. ಬಜೆಟ್ ಹಾಕುವಾಗ ಇದನ್ನು ಮರೆಯಬೇಡಿ. ವಾಪಸ್ ಬರುವಾಗ ಹಲವು ದೇಶಗಳಿಂದ ಬರುವ, ಎರಡೂ ಡೋಸ್ ಆದವರಿಗೆ 2022ರ ಫೆಬ್ರುವರಿಯಿಂದ ಲಸಿಕೆ ಸರ್ಟಿಫಿಕೇಟ್ ಸಾಕಾಗುತ್ತಿತ್ತು, ವಿದೇಶದಿಂದ ಬರುವವರ ಆನ್‌ಲೈನ್ ಫಾರ್ಮ್ ಏರ್ ಸುವಿಧಾ ತುಂಬಿದರಾಗುತ್ತಿತ್ತು. 12ರಿಂದ 14 ವರ್ಷದ ಮಕ್ಕಳಿಗೆ ಲಸಿಕೆ ಶುರುವಾಗಿದ್ದೇ ಆ ವರ್ಷದ ಮಾರ್ಚ್ 16ಕ್ಕೆ. ಎರಡು ಡೋಸ್ ಆಗಿರದಿದ್ದರಿಂದ ಅವರ ನಿಯಮ ಬೇರೆಯಾಗಿ ನೋಡಬೇಕಿತ್ತು.

ಹಾಗಾದರೆ ನಿಮ್ಮ ಮನೆಗೆ ಯಾವುದು?

72 ಗಂಟೆ ನಿಯಮ, ಮುಂಬೈ ಅಥವಾ ಗೋವಾದ ಹಡಗು ಅಂದರೆ ನಾನು ಎರಡು ಸಲ ಯೋಚಿಸುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಖಾಸಗಿ ಲ್ಯಾಬ್, ನೇರ ಹೋಗಿ ಕೊಡುವುದು. ಗೋವಾದವರಿಗಂತೂ ಬಸ್ಸಿನಲ್ಲಿ ನಾಲ್ಕೈದು ತಾಸಿನ ದಾರಿ, 48 ಇದ್ದರೂ ಇಲ್ಲಿಯೇ ಆರಾಮಾಗಿ ಆಗುತ್ತದೆ. ಮುಂಬೈ ಮತ್ತು 48 ಗಂಟೆ ಸೇರಿದರೆ ಮಷೀನ್ ಇರುವ ಲ್ಯಾಬ್ ಬೇಕೇ ಬೇಕು. ಅಲ್ಲಿ ನೂರಿನ್ನೂರು ಜಾಸ್ತಿ ಕೇಳಿದರೂ, ಸರ್ಕಾರದ ಮಿತಿಯೊಳಗೆ ಇದ್ದರೆ, ಕೊಟ್ಟುಬಿಡಿ. ಆ ದುಡ್ಡು ರಿಪೋರ್ಟ್‌ಗಲ್ಲ, ಟೈಮಿಗೆ. ರೈಲಿನ ಬದಲು ಹುಬ್ಬಳ್ಳಿಯಿಂದ ಮುಂಬೈ ವಿಮಾನ ಹಿಡಿದರೆ ಅರ್ಧ ದಿನ ಉಳಿಯುತ್ತದೆ. ಆದರೆ ನಾಲ್ಕು ಜನರ ಟಿಕೆಟ್ ವ್ಯತ್ಯಾಸದಲ್ಲಿ ಹತ್ತು ಸಲ ಟೆಸ್ಟ್ ಮಾಡಿಸಬಹುದು. ಟೆಸ್ಟ್ ಒಂದೇ ಕಾರಣಕ್ಕೆ ವಿಮಾನ ಬೇಡ.

ಭಾನುವಾರ ಮತ್ತು ಹಬ್ಬದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ನೋಡಿಕೊಳ್ಳಿ. ಭಾನುವಾರ ಎಷ್ಟೋ ಲ್ಯಾಬ್ ಅರ್ಧ ದಿನ. 2022ರಲ್ಲಿ ಮೇ 3ಕ್ಕೆ ಬಸವ ಜಯಂತಿ ಇತ್ತು, ರಂಜಾನ್ ಕೂಡ ಅದರ ಆಜುಬಾಜು. ಅಂಥ ವಾರ ಹೊರಡುವವರು ಮೊದಲೇ ಫೋನ್ ಮಾಡಿ ವಿಚಾರಿಸಿ.

ಇನ್ನು ಕೌಂಟರ್‌ನಲ್ಲಿ ನಿಂತಾಗ ಒಂದು ಕೆಲಸ. ಹೆಸರನ್ನು ಕಂಪ್ಯೂಟರ್‌ಗೆ ಹಾಕುವವರ ಪರದೆ ನೀವೇ ನೋಡಿ. ನಮ್ಮ ಕಡೆ ಹೆಸರಿನ ಗೋಳು ಎಲ್ಲರಿಗೂ ಗೊತ್ತಿದ್ದದ್ದೇ. ಆಧಾರ್‌ನಲ್ಲಿ ಬಸವರಾಜ, ಟಿಕೆಟ್‌ನಲ್ಲಿ ಬಸವರಾಜಪ್ಪ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ನಡುವೆ, ಮನೆತನದ ಹೆಸರು ಕೊನೆಗೆ. ಲ್ಯಾಬ್‌ನಲ್ಲಿ ಬರೀ 'ಬಸು' ಅಂತ ಬರೆದುಕೊಂಡದ್ದೂ ಉಂಟು. ಟಿಕೆಟ್‌ನಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರ ಅಕ್ಷರ ಕೂಡ, ರಿಪೋರ್ಟ್‌ನಲ್ಲಿ ಬರಬೇಕು. ಎಸ್‌ಆರ್‌ಎಫ್ ಮಾಡುವಾಗ ಒಟಿಪಿ ಬರುತ್ತಿದ್ದುದು ನೀವು ಕೊಟ್ಟ ಮೊಬೈಲ್‌ಗೆ. ಅಜ್ಜಿಯ ಬಟನ್ ಫೋನ್ ನಂಬರ್ ಕೊಟ್ಟು ಅದನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ವಿದೇಶಕ್ಕೆ ಹೋಗುವವರು ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನಾಂಕ ಎರಡನ್ನೂ ಅಲ್ಲೇ ಸೇರಿಸಲು ಹೇಳಿ, ಆಮೇಲೆ ತಿದ್ದಿಸಲು ಮತ್ತೆ ಲ್ಯಾಬ್‌ಗೆ ಅಲೆಯಬೇಕಾಗುತ್ತದೆ. ವಾಟ್ಸಾಪ್‌ಗೆ ಪಿಡಿಎಫ್ ಬಂದ ಕೂಡಲೇ ಹೆಸರು, ಸ್ಯಾಂಪಲ್ ಕೊಟ್ಟ ಟೈಮ್, ಟೆಸ್ಟ್‌ನ ಹೆಸರು, ಕ್ಯೂಆರ್ ಕೋಡ್ ನೋಡಿ. ತಪ್ಪಿದ್ದರೆ ಲ್ಯಾಬ್ ಬಾಗಿಲು ಹಾಕುವ ಮೊದಲು ಫೋನ್ ಮಾಡಿ. ಸರಿ ಇದ್ದರೆ ಎರಡು ಪ್ರಿಂಟ್ ತೆಗೆಸಿ, ಒಂದನ್ನು ಕೈಚೀಲದಲ್ಲಿ, ಇನ್ನೊಂದನ್ನು ಬೇರೆಯವರ ಬ್ಯಾಗ್‌ನಲ್ಲಿ ಇಡಿ.